ಅವನ ಬೆನ್ನು, ನನ್ನ ಕತ್ತು

ಮಾರ್ಚ್ 4, ಬೆಳಿಗ್ಗೆ

ಇವತ್ತೂ ಫೋನ್ ಮಾಡಿಯೇ ಎಬ್ಬಿಸಬೇಕಾಯಿತು. "ಅಕ್ಕಾ, ಮೋಡ ಕಾಣ್ತಿದೆ" ಅಂದ ಮೊಂಡ. ಹೊದಿಕೆಯೊಳಗಿಂದ ಮೋಡ ಹೇಗೆ ಕಂಡಿತೋ! ಐವತ್ತೆಂಟು ತುಂಬಿದ ತಮ್ಮ, ಇನ್ನೂ ಸ್ಕೂಲಿಗೆ ಚಕ್ಕರ್ ಹೊಡೆಯುವ ಬುದ್ಧಿ.

ಸೈಕಲ್ ತುಳಿ ಅಂತ ಹಾರ್ಟ್ ಡಾಕ್ಟರು ಹೇಳಿದ್ದು ಅವನಿಗೆ. ಸ್ಟೆಂಟ್ ಹಾಕಿಸಿಕೊಂಡದ್ದು ಅವನು. "ನೀನು ಬಂದ್ರೆ ಬರ್ತೀನಿ, ಇಲ್ದಿದ್ರೆ ಇಲ್ಲ" ಅಂತ ಕರಾರು ಹಾಕಿದ. ಅದಕ್ಕೇ ಈ ವಯಸ್ಸಲ್ಲಿ ನನಗೊಂದು ಸೆಕೆಂಡ್ ಹ್ಯಾಂಡ್ ರೇಸ್ ಸೈಕಲ್, ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್.

ಕತ್ತು ಮರದ ಹಲಗೆಯಾಗಿದೆ. ಹೇಳಲಿಲ್ಲ. ಹೇಳಿದರೆ ಮೊಂಡನಿಗೆ ಅಷ್ಟೇ ನೆಪ ಸಾಕು.

ಮಾರ್ಚ್ 7, ಮಧ್ಯಾಹ್ನ

ಅಂಗಡಿಯಲ್ಲಿ ಯಾರೋ ಹಿಂದಿನಿಂದ ಕರೆದರು. ಕತ್ತು ತಿರುಗಲಿಲ್ಲ. ಬೀರು ತಿರುಗಿಸಿದ ಹಾಗೆ ಇಡೀ ಮೈ ತಿರುಗಿಸಿದೆ. ಮೂವತ್ತು ವರ್ಷ ಇದೇ ಅಂಗಡಿಯಲ್ಲಿ ಬೇರೆಯವರ ಕೂದಲು ಕತ್ತರಿಸುತ್ತ ಕತ್ತು ಬಗ್ಗಿಸಿ ನಿಂತವಳು. ಈಗ ಅದನ್ನು ಎತ್ತು ಅಂದರೆ ಅದಾದರೂ ಏನು ಮಾಡೀತು.

ಬೆಳಿಗ್ಗೆ ಎಂದಿನ ಹಾಗೆ ಅವನು ಮುಂದೆ, ನಾನು ಹಿಂದೆ. ಸೇತುವೆ ಏರಿನಲ್ಲಿ ಎದೆ ಮುಟ್ಟಿಕೊಂಡ. ನನ್ನ ಜೀವ ಬಾಯಿಗೆ ಬಂತು. ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಅಷ್ಟೇ.

ಅವನ ಹೆಂಡತಿ ಕೂದಲು ಕತ್ತರಿಸಿಕೊಳ್ಳೋಕೆ ಬಂದಿದ್ದಳು. "ಮೆಟ್ಟಿಲು ಹತ್ತಿದ್ರೂ ಈಗ ಏದುಸಿರು ಬಿಡಲ್ಲ. ಬಿಟ್ಟುಬಿಡ್ಬೇಡಿ ಅಕ್ಕಾ, ನಿಮ್ಮ ಮಾತೊಂದೇ ಅವರು ಕೇಳೋದು." ಹ್ಞೂಂ ಅಂದೆ. ತಲೆ ಆಡಿಸಲು ಹೋಗಿ ಹಲ್ಲು ಕಚ್ಚಿದೆ.

ಮಾರ್ಚ್ 9, ಸಂಜೆ

ಇವತ್ತು ಬರವಣಿಗೆಯೂ ಸೊಟ್ಟ.

ಎರಡು ದಿನದಿಂದ ಬಲಗೈ ಹೆಬ್ಬೆರಳು ಜುಮ್ಮ್ ಅನ್ನುತ್ತಿತ್ತು. ಇವತ್ತು ಕತ್ತರಿ ಜಾರಿತು. ಕಿವಿ ಉಳಿಯಿತು... ಸ್ವಲ್ಪದರಲ್ಲಿ. ಕಿವಿಯ ಒಡತಿ ಆಸ್ಪತ್ರೆಯ ಫಿಸಿಯೋ ಹುಡುಗಿ. ಬಯ್ಯಲಿಲ್ಲ. ಕೂದಲು ಬೀಳದಿರಲೆಂದು ಹೊದಿಸಿದ್ದ ಬಟ್ಟೆ ಬಿಚ್ಚಿ, ಎದ್ದು, ನನ್ನನ್ನೇ ಕುರ್ಚಿಯಲ್ಲಿ ಕೂರಿಸಿದಳು. ಕತ್ತು ಆ ಕಡೆ, ಈ ಕಡೆ. ತನ್ನ ಬೆರಳು ಹಿಡಿಸಿ "ಎಳೀರಿ, ಜೋರಾಗಿ" ಅಂದಳು.

"ಒಂದು ವಾರ ಸೈಕಲ್ ಮುಟ್ಟಬೇಡಿ. ಜುಮ್ಮು ನಿಲ್ಲದಿದ್ರೆ, ಕೈ ಸೋತ್ರೆ, ಸೀದಾ ಡಾಕ್ಟರ ಹತ್ರ."

ಕೈ ಹೋದರೆ ಅಂಗಡಿ ಹೋಯಿತು. ನಾನು ನಿಲ್ಲಿಸಿದರೆ ಅವನು ನಿಲ್ಲಿಸುತ್ತಾನೆ. ಯಾವುದಕ್ಕೆ ಅಂತ ಹೆದರಲಿ?

ಮಾರ್ಚ್ 10

ಹೇಳಿದೆ.

"ಅಯ್ಯೋ ಅಕ್ಕಾ! ನೀನು ನೋವಲ್ಲಿರುವಾಗ ನಾನೊಬ್ಬನೇ ಹೇಗೆ ಹೋಗಲಿ? ಮನಸ್ಸು ಬರುತ್ತಾ?" ಏನು ಪ್ರೀತಿ! ಹೇಳುವಾಗ ಕೈ ಟಿವಿ ರಿಮೋಟ್ ಮೇಲೆ.

ಮಾರ್ಚ್ 16

ಬರೆಯಲು ಮನಸ್ಸಿರಲಿಲ್ಲ. ಜುಮ್ಮು ಹೋಗಿದೆ. ಕತ್ತು ತಿರುಗುತ್ತೆ. ಮೊಂಡ ಒಂದು ದಿನವೂ ಹೋಗಿಲ್ಲ. ನಿನ್ನೆ ಅವನ ಮನೆಗೆ ಹೋದಾಗ ಸೋಫಾದಿಂದ ಏಳೋಕೇ ಉಸ್ಸಪ್ಪಾ ಅಂದ. ನಿಜವೋ, ನಾಟಕವೋ... ಕೇಳಿಸಿಕೊಂಡು ಬಂದವಳಿಗೆ ನಿದ್ದೆ ಇಲ್ಲ.

ಮಾರ್ಚ್ 17, ಅಂಗಡಿ ಮುಚ್ಚಿದ ಮೇಲೆ

ಫಿಸಿಯೋ ಹುಡುಗಿ ಸೈಕಲ್ಲನ್ನು ಅಂಗಡಿಯೊಳಗೇ ತರಿಸಿದಳು. ದೊಡ್ಡ ಕನ್ನಡಿಗೆ ಅಡ್ಡಡ್ಡ ನಿಲ್ಲಿಸಿ ನನ್ನನ್ನು ಹತ್ತಿಸಿದಳು. ಬೀಳದ ಹಾಗೆ ಹಿಡಿಯೋಕೆ ಮೊಂಡ. "ಹುಷಾರು, ನನ್ನ ಕಾಲ ಮೇಲೆ ಹತ್ತಿಸೀಯೆ" ಅಂತ ಗೊಣಗಾಟ.

ಹ್ಯಾಂಡಲ್ ನನಗೆ ದೂರ, ತಗ್ಗು. ಎತ್ತರಿಸಿ ಹತ್ತಿರಕ್ಕೆ ತರಿಸಿ ಅಂದಳು. ಹೆಲ್ಮೆಟ್ಟಿನ ಮುಂದೆ ಬಿಸಿಲು ತಡೆಯೋಕಿದ್ದ ಚುಂಚು ಕಿತ್ತಳು. ಅದರಡಿಯಿಂದ ಇಣುಕೋಕೇ ಅರ್ಧ ಕತ್ತು ಎತ್ತುತ್ತಿದ್ದೆನಂತೆ.

"ಮೊಣಕೈ ಸಡಿಲ. ಹ್ಯಾಂಡಲ್ ಏನು ಓಡಿಹೋಗಲ್ಲ. ಆಗಾಗ ಕೈ ಜಾಗ ಬದಲಾಯಿಸಿ. ಗಲ್ಲ ಸ್ವಲ್ಪ ಒಳಗೆ, ಮೇಲೆ ನೋಡೋದು ಕಣ್ಣು, ತಲೆ ಅಲ್ಲ. ಮೊದಲ ವಾರ ಸೇತುವೆವರೆಗೆ ಮಾತ್ರ." ಆಮೇಲೆ — "ತುಳಿಯುವಾಗ ಎಲ್ಲಿ ನೋಡ್ತೀರಿ?"

"ಇವನನ್ನ."

"ರಸ್ತೆ?"

"ರಸ್ತೆ ಬೀಳಲ್ಲವಲ್ಲಮ್ಮ. ಇವನು ಬಿದ್ರೆ?"

ಅವಳು ಕನ್ನಡಿ ತೋರಿಸಿದಳು. ನೋಡಿದೆ. ಹೇಳುವಾಗಲೇ ತಲೆ ಮೇಲೆದ್ದಿದೆ, ಭುಜ ಎರಡೂ ಕಿವಿಗೆ ಅಂಟಿವೆ. ದಿನಾ ಇದೇ ಕನ್ನಡಿ ಮುಂದೆ ಊರಿಗೆಲ್ಲ "ಭುಜ ಸಡಿಲ ಬಿಡಿ" ಅನ್ನುವವಳು ನಾನು.

"ಒಂದು ಗಂಟೆ ಹೀಗೆ ಕಾವಲು ಕಾದ್ರೆ ಯಾರ ಕತ್ತು ಉಳಿಯುತ್ತೆ? ಇನ್ನು ಮುಂದೆ ನೀವು ಮುಂದೆ, ಅವರು ಹಿಂದೆ."

ಮೊಂಡ ಗೊಣಗುವುದನ್ನು ನಿಲ್ಲಿಸಿದ್ದ. "ಇಷ್ಟು ದಿನ ನನ್ನ ಬೆನ್ನು ನೋಡ್ತಾ ಬರ್ತಿದ್ಯಾ?"

"ಬೇರೆ ಏನು ಕಾಣುತ್ತೋ? ರಸ್ತೆಯಗಲ ಇದೆ ನಿನ್ನ ಬೆನ್ನು."

ಅವನು ನಗಲಿಲ್ಲ.

ಮಾರ್ಚ್ 19, ಬೆಳಿಗ್ಗೆ

ನಾನು ಮುಂದೆ. ಅವನನ್ನು ನೋಡದೆ ತುಳಿಯೋದು... ಒಲೆ ಹಚ್ಚಿಟ್ಟು ಮನೆ ಬಿಟ್ಟು ಬಂದ ಹಾಗೆ. ಎಣ್ಣೆ ಕಾಣದ ಅವನ ಚೈನು ಕಿರ್ ಕಿರ್ ಅನ್ನುತ್ತಿತ್ತು. ಆ ಸದ್ದನ್ನೇ ಹಿಡಿದುಕೊಂಡು ಹೋದೆ. ಮೊಣಕೈ ಸಡಿಲ, ಗಲ್ಲ ಒಳಗೆ.

ಸೇತುವೆ ಏರು. ಕಿರ್ ಕಿರ್ ನಿಂತಿತು.

ಏನೂ ಇಲ್ಲ. ಗಾಳಿ. ನನ್ನ ಉಸಿರು. ತಿರುಗಬೇಡ, ತಿರುಗಬೇಡ... ಬ್ರೇಕ್ ಹಿಡಿದೇಬಿಟ್ಟೆ.

"ಅಕ್ಕಾ! ಭುಜ! ಕಿವಿಗೆ ಓಲೆ ಥರ ನೇತಾಡ್ತಿದೆ, ಇಳಿಸು!"

ನೀರು ಕುಡಿಯೋಕೆ ನಿಂತಿದ್ದನಂತೆ. ದೂರ ಹೋದರೂ ನನ್ನ ಭುಜ ನೋಡುತ್ತಲೇ ಇದ್ದನಂತೆ. ಇಳಿಸಿದೆ. ಮತ್ತೆ ಕಿರ್ ಕಿರ್ ಹತ್ತಿರ ಬಂತು. ಮನೆ ಮುಟ್ಟುವವರೆಗೆ "ಭುಜ!" "ಗಲ್ಲ!" ಅಂತ ಹಿಂದಿನಿಂದ ಒಂದೇ ಸಮನೆ. ಕಾಟ ಅಂದರೆ ಕಾಟ.

ಕತ್ತು ನೋಯುತ್ತಿಲ್ಲ. ಜುಮ್ಮೂ ಇಲ್ಲ. ಆದರೂ ನಾಳೆ ಬರುತ್ತಾನೋ, ಮತ್ತೆ ಮೋಡ ಕಾಣುತ್ತೋ.

ಮಾರ್ಚ್ 20, ಆರಕ್ಕೆ ಮುಂಚೆ

ಐದು ನಿಮಿಷ ಬಿಟ್ಟು ಫೋನ್ ಮಾಡಬೇಕು. ಹೊರಗೆ ನಿಜವಾಗಿಯೂ ಮೋಡ. ಇವತ್ತು ಏನು ಹೇಳಿ ಎಬ್ಬಿಸಲಿ? ಬಯ್ದರೆ ಆಗಲ್ಲ, ಬೇಡಿಕೊಂಡರೆ —

ಕೆಳಗೆ ಸೈಕಲ್ ಬೆಲ್. ನಾನಿನ್ನೂ ಕರೆದೇ ಇಲ್ಲ. "ಅಕ್ಕೋ, ಮಲಗಿದ್ದೀಯಾ?" ಬೀದಿಯವರೆಲ್ಲ ಏಳ್ತಾರೆ, ಇವನ ಗಂಟಲೋ... ಬಂದೆ ಕಣೋ, ಹೆಲ್ಮೆಟ್ ಎಲ್ಲಿಟ್ಟೆ —