ಕುರಿಗೆ ನೀರು ಕುಡಿಸಿದವರು

ಹರಪನಹಳ್ಳಿ
18 ನವೆಂಬರ್ 2024

ಪ್ರೀತಿಯ ಮೈಲಮ್ಮ,

ನೀನು, ನಿನ್ನ ಯಜಮಾನರು, ಮಗಳು ಎಲ್ಲರೂ ಆರಾಮಿದ್ದೀರಿ ಎಂದು ನಂಬಿದ್ದೇನೆ. ದೀಪಾವಳಿಗೆ ಮೊದಲೇ ನಿನ್ನ ಕಾಗದ ಬಂದಿತ್ತು. ಉತ್ತರ ಬರೆಯಲು ಇಷ್ಟು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಕೈಗೆ ಬಿಡುವಿರಲಿಲ್ಲ ಎಂದರೆ ಅದು ಅರ್ಧ ನಿಜ. ಕೂತು ಬರೆಯುವ ಧೈರ್ಯವೂ ಇರಲಿಲ್ಲ. ಫೋನು ಮಾಡಬಹುದಿತ್ತು. ಆದರೆ ನಿನ್ನ ದನಿ ಕಿವಿಗೆ ಬಿದ್ದರೆ ಹೇಳಬೇಕಾದ್ದನ್ನು ಬಿಟ್ಟು ನಿನಗೆ ಹಿತವಾದದ್ದನ್ನೇ ಹೇಳಿಬಿಡುತ್ತಿದ್ದೆ.

ಇಲ್ಲಿ ಮೆಕ್ಕೆಜೋಳದ ಸುಗ್ಗಿ. ನಮ್ಮ ಮನೆಯ ಮುಂದಿನ ರಸ್ತೆಯ ಅರ್ಧಕ್ಕೂ ಕಾಳು ಹರವಿದ್ದಾರೆ. ಆಟೋ ಒಳಗೆ ಬರುವುದಿಲ್ಲ, ಹಾಗಾಗಿ ನಿಮ್ಮ ಸರ್ ಅವರನ್ನು ವ್ಯಾಯಾಮ ಮಾಡಿಸಲು ಕರೆದೊಯ್ಯುವುದು ನಿಂತಿದೆ. ಲಕ್ವ ಹೊಡೆದ ಬಲಗೈ ಇನ್ನೂ ಏಳುವುದಿಲ್ಲ. ಮಾತು ತಿರುಗಿ ಬಂದಿಲ್ಲ. ಊಟ ಮಾತ್ರ ಸೇರುತ್ತದೆ. ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಕೊಟ್ಟರೆ ಮಗುವಿನ ಹಾಗೆ ಬಾಯಿ ತೆರೆಯುತ್ತಾರೆ. ನಲವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ಶಿವಯೋಗಪ್ಪ ಮೇಷ್ಟ್ರ ಬಾಯಿ ಅದು ಎಂದು ನೆನೆದರೆ ತುತ್ತು ಹಿಡಿದ ಕೈ ನಿಂತುಬಿಡುತ್ತದೆ.

ನಿನ್ನ ಕಾಗದದ ಒಂದು ಮಾತು ನನ್ನನ್ನು ಇಷ್ಟು ದಿನ ಕಾಡಿತು. "ಅಮ್ಮಾರೇ, ಆ ವಿಡಿಯೋ ಎಷ್ಟು ಸಲ ನೋಡಿದ್ನೋ ನನಗೇ ಗೊತ್ತಿಲ್ಲ. ನನ್ನ ಕವಿತಿ ಕೇಳಿ ಸರ್ ಕಣ್ಣಾಗ ನೀರು ಬಂತಲ್ರೀ. ಕಡೀಗೂ ಅವರ ಎದಿಗೆ ಮುಟ್ಟಿತು. ಇನ್ನೇನು ಬೇಕು ನನಗ?" ಎಂದು ಬರೆದಿದ್ದೀ.

ಆ ವಿಡಿಯೋದಲ್ಲಿರುವ ಸಮಾರಂಭ ಏರ್ಪಡಿಸಿದವರು ಶ್ರೀನಾಥ ಮಾಸ್ತರು. ನಿನಗೆ ಗೊತ್ತಲ್ಲ, ಪ್ರತಿ ಭಾನುವಾರ ನಮ್ಮ ಕಟ್ಟೆಯ ಮೇಲೆ ಕೂತು ಇವರ ಜೊತೆ ಜಗಳ ಕಾಯುತ್ತಿದ್ದವರು. "ಕವಿತಿ ಅಂದ್ರ ಎದಿಗೆ ಬಡೀಬೇಕಪ್ಪಾ, ಅಷ್ಟ. ಅದಕ್ಕ ಯಾಕ, ಏನು ಅಂತ ಕೇಳಬಾರದು" ಎಂದು ಅವರು. "ಬಡಿದದ್ದು ಏನು ಅಂತ ನೋಡದಿದ್ರ ಕಲ್ಲೂ ಬಡೀತೈತಿ, ಕವಿತಿನೂ ಬಡೀತೈತಿ" ಎಂದು ಇವರು. ಮೂರನೆಯ ಸಲ ಚಹಾ ಕೊಟ್ಟರೂ ಜಗಳ ಮುಗಿಯುತ್ತಿರಲಿಲ್ಲ.

ಅಂಥ ಶ್ರೀನಾಥ ಮಾಸ್ತರು ಹಳೆಯ ವಿದ್ಯಾರ್ಥಿಗಳನ್ನೆಲ್ಲ ಕೂಡಿಸಿ ಗೆಳೆಯನಿಗೊಂದು ಸನ್ಮಾನ ಇಟ್ಟುಕೊಂಡರು. ಗಾಲಿಕುರ್ಚಿಯಲ್ಲಿ ಇವರನ್ನು ವೇದಿಕೆಗೆ ಹತ್ತಿಸಿದರು, ಶಾಲು ಹೊದಿಸಿದರು. ಈಗ ಕಾಲೇಜಿನಲ್ಲಿ ಓದುತ್ತಿರುವ ಮಾಲಾ ಎಂಬ ಹುಡುಗಿ ನೀನು ಅವ್ವನ ಮೇಲೆ ಬರೆದ ಕವಿತೆ ಓದಿದಳು. ಎರಡನೆಯ ಸಾಲಿಗೇ ಇವರ ತುಟಿ ಅದುರಿತು. ನಾಲ್ಕನೆಯ ಸಾಲಿಗೆ ಬಿಕ್ಕಿ ಬಿಕ್ಕಿ ಅಳತೊಡಗಿದರು. ಸಭೆಯಲ್ಲಿ ಎಷ್ಟೋ ಜನ ಕಣ್ಣೊರೆಸಿಕೊಂಡರು. ಶ್ರೀನಾಥ ಮಾಸ್ತರು ಮೈಕು ಹಿಡಿದು, "ನೋಡ್ರೆಪಾ, ಬುದ್ಧಿ ಬುದ್ಧಿ ಅಂತಿದ್ದ ನಮ್ಮ ಶಿವಯೋಗಿ ಇವತ್ತು ಹೃದಯಕ್ಕ ಸೋತ!" ಎಂದರು. ಚಪ್ಪಾಳೆ ಬಿತ್ತು. ನೀನು ನೋಡಿದ ವಿಡಿಯೋ ಅಲ್ಲಿಗೆ ಮುಗಿಯುತ್ತದೆ.

ಅದರ ನಂತರ ಆದದ್ದು ಅದರಲ್ಲಿಲ್ಲ. ಯಾರೋ ಒಬ್ಬರು ವಂದನಾರ್ಪಣೆಗೆ ನಿಂತರು. ಶಾಮಿಯಾನದವರಿಗೆ ವಂದನೆ, ಮೈಕ್ ಸೆಟ್ಟಿನವರಿಗೆ ವಂದನೆ, ಉಪ್ಪಿಟ್ಟು ಮಾಡಿದ ಅಡುಗೆಯವರಿಗೆ ವಂದನೆ. ಇವರು ಅದಕ್ಕೂ ಅತ್ತರು, ಮೈಲಮ್ಮ. ಅದೇ ತುಟಿ, ಅದೇ ಬಿಕ್ಕು. ಜನ ಆಗಲೇ ತಿಂಡಿಗೆ ಎದ್ದಿದ್ದರು. ಟವೆಲ್ಲು ಹಿಡಿದು ಪಕ್ಕದಲ್ಲಿ ಕೂತಿದ್ದ ನಾನೊಬ್ಬಳೇ ನೋಡಿದೆ.

ದಾವಣಗೆರೆಯ ಡಾಕ್ಟರು ನನಗೆ ಮೊದಲೇ ಹೇಳಿದ್ದರು, ಇದು ಮಿದುಳಿಗೆ ಬಿದ್ದ ಪೆಟ್ಟಿನಿಂದ ಬರುವ ಅಳು, ತಡೆಯುವ ಶಕ್ತಿ ಹೋಗಿದೆ, ಒಳಗೆ ದುಃಖ ಇದ್ದೇ ಬರಬೇಕೆಂದಿಲ್ಲ ಎಂದು. ಟೀವಿಯಲ್ಲಿ ಅಡಿಕೆ ರೇಟು ಹೇಳಿದರೂ ಅಳುತ್ತಾರೆ. ಕುಕ್ಕರ್ ಕೂಗಿದರೂ ಅಳುತ್ತಾರೆ.

ಮರುದಿನ ಶ್ರೀನಾಥ ಮಾಸ್ತರು ಶಾಲು, ಹಾರ ತಲುಪಿಸಲು ಬಂದಾಗ ನಾನು ಎಲ್ಲ ಹೇಳಿದೆ.

"ಅದು ಕವಿತಿಗೆ ಅತ್ತಿದ್ದಲ್ರೀ ಮಾಸ್ತರೇ."

"ಇರ್ಲಿ ಬಿಡ್ರೀ ಅಕ್ಕಾರ. ಮಂದಿಗೆ ಛಲೋ ಅನಿಸ್ತು."

"ಇವರು ಮಾತಾಡಂಗಿದ್ರ ಇರ್ಲಿ ಬಿಡು ಅಂತಿದ್ರೇನು?"

ಅವರು ಕಟ್ಟೆಯ ಮೇಲೆ ಕೂತರು. ಆಮೇಲೆ ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡು, "ಮೈಕಿನಾಗ ನಾ ಹಂಗ್ಯಾಕಂದೆ ಗೊತ್ತೇನ್ರೀ? ಎದ್ದು ಕೂತು ಒಂದು ಸಲ ಬೈತಾನೇನೋ ಅಂತ ಅಂದ್ನಿ. ಇನ್ನ ನಾ ಯಾರ ಕೂಡ ಜಗಳಾಡ್ಲಿ?" ಎಂದರು. ಚಹಾ ಮುಟ್ಟಲಿಲ್ಲ. ಹಾಗೇ ಎದ್ದು ಹೋದರು.

ನೀನು ಅತ್ತಿರುತ್ತೀ ಈಗ. ತಡಿ, ಪೂರ್ತಿ ಓದು.

ಎಷ್ಟೋ ವರ್ಷಗಳ ಹಿಂದಿನ ಹಗರಿಬೊಮ್ಮನಹಳ್ಳಿಯ ಕವಿಗೋಷ್ಠಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಮನೆಯಲ್ಲಿ ಉಂಡು, ನಮ್ಮ ಅಟ್ಟದ ಪುಸ್ತಕ ಓದಿ ಬೆಳೆದ ಹುಡುಗಿ ಮೊದಲ ಸಲ ವೇದಿಕೆ ಹತ್ತುತ್ತಿದ್ದೀ ಎಂದು ನಾನೂ ಬಂದಿದ್ದೆ. ಬೇಸಿಗೆಯಲ್ಲಿ ನಿನ್ನವ್ವ ತೀರಿಕೊಂಡದ್ದನ್ನು ನೀನು ಓದಿದೆ:

ಅವ್ವ ಹೋದ ದಿನ ಹಟ್ಟಿಯ ತುಂಬ ಅಳು,
ಬಿಸಿಲು ಅತ್ತಿತು, ಬೇವಿನ ಮರ ಅತ್ತಿತು,
ಕುರಿಗಳು ಮಾತ್ರ ನೀರು ಕುಡಿದು
ನೆರಳಿಗೆ ಮಲಗಿದವು.

ಇವರು ಎದ್ದು ನಿಂತು, "ಮೈಲಮ್ಮ, ಆ ದಿನ ಕುರಿಗೆ ನೀರು ಕುಡಿಸಿದೋರು ಯಾರು?" ಎಂದು ಕೇಳಿಬಿಟ್ಟರು. ಸಭೆ ಗೊಳ್ಳೆಂದು ನಕ್ಕಿತು. ನಿನ್ನ ಮುಖ ಸುಟ್ಟ ಹಾಗಾಯಿತು. "ಸರ್, ನಮ್ಮವ್ವ ಸತ್ತಿದ್ದು ಬರದೀನ್ರಿ. ಪಂಚನಾಮಿ ಮಾಡಬ್ಯಾಡ್ರಿ" ಎಂದು ಕೆಳಗಿಳಿದವಳು ನಮ್ಮ ಮನೆಯ ಹೊಸ್ತಿಲು ಮತ್ತೆ ತುಳಿಯಲಿಲ್ಲ. ಹಬ್ಬಕ್ಕೆ ನನಗೊಂದು ಕಾಗದ ಹಾಕುತ್ತಾ ಬಂದೆ, ಅಷ್ಟೇ.

ಅವತ್ತು ವಾಪಸು ಬರುವಾಗ ಬಸ್ಸಿನಲ್ಲಿ ನಾನು ಇವರನ್ನು ಬೈದೆ. "ತಾಯಿ ಸತ್ತ ಕೂಸಿಗೆ ಹಂಗ ಕೇಳ್ತಾರೇನ್ರೀ?" ಎಂದೆ. ಇವರು ಹೇಳಿದ್ದನ್ನು ನೆನಪಿದ್ದಷ್ಟು ಬರೆಯುತ್ತೇನೆ:

"ಲೇ ಬಸಲಿಂಗಿ, ಬ್ಯಾಸಿಗಿ ದಿನ, ಕೆರಿ ಹಳ್ಳ ಬತ್ತಿರ್ತಾವ. ಕುರಿ ತಾವೇ ಬಾವಿಗಿಳಿದು ಕುಡೀತಾವೇನು? ಯಾರೋ ಸೇದಿ ಹಾಕ್ಯಾರ. ಹಟ್ಟಿ ಹಟ್ಟಿನೇ ಅಳಾಕ ಹತ್ತಿದಾಗ ಒಬ್ಬರು ಹಗ್ಗ ಹಿಡಕಂಡು ಬಾವಿ ಮ್ಯಾಲೆ ನಿಂತಾರ. ಹೆಣದ ಮುಂದ ಕುಂತು ಅಳಾಕ ಅವರಿಗೆ ಪುರಸೊತ್ತಿಲ್ಲ. ದುಃಖ ಇರೋದು ಅಲ್ಲಿ. ಬೇವಿನ ಮರ ಅತ್ತಿತು ಅಂದ್ರ ನಾನೂ ಅಳ್ತೀನಿ, ಮನಿಗೆ ಹೋಗಿ ಉಂಡು ಮಲಗ್ತೀನಿ. ಆ ಹಗ್ಗ ಹಿಡದೋರು ಕಣ್ಣಿಗೆ ಬಿದ್ರ ನಿದ್ದಿ ಹತ್ತಂಗಿಲ್ಲ. ಆಕಿ ಕುರೀನ ಕಲ್ಲೆದಿ ಅಂತ ತಿಳಕಂಡು ಬರದಾಳ. ಎಂಥಾ ದೊಡ್ಡ ಸಾಲು ಬರದೀನಿ ಅಂತ ಆಕಿಗೇ ಗೊತ್ತಿಲ್ಲ."

"ಇದನ್ನ ಆಕಿಗೆ ಹೇಳ್ರಿ ಮತ್ತ."

"ಹೇಳಿದ್ರ ಅದು ನನ್ನ ಕವಿತಿ ಆಕ್ಕತಿ. ಕೇಳಿದ್ರ ಆಕಿದು. ನೀನೂ ಹೇಳಬ್ಯಾಡ. ಇವತ್ತಲ್ಲ ನಾಳೆ ಆಕಿನೇ ಬಂದು ಹೇಳ್ತಾಳ."

ಆ ರಾತ್ರಿ ಇವರು ನಿಜವಾಗಿಯೂ ಮಲಗಲಿಲ್ಲ. ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ಅಂಗಳದಲ್ಲಿ ಓಡಾಡುತ್ತಿದ್ದರು. ನಿನ್ನ ಕವಿತೆ ಇವರಿಗೆ ಮುಟ್ಟಿದ್ದು ಅವತ್ತು, ಮೈಲಮ್ಮ. ಮೊನ್ನೆ ವೇದಿಕೆಯ ಮೇಲೆ ಮುಟ್ಟಿದ್ದು ಏನೂ ಇಲ್ಲ. ನೀನು ಆ ವಿಡಿಯೋ ನೋಡಿ ಸಂತೋಷಪಡುತ್ತಿದ್ದರೆ ನನಗೆ ಸಂಕಟವಾಗುತ್ತದೆ. ಇವರು ನಿನಗೆ ಕೊಟ್ಟದ್ದು ಆ ಪ್ರಶ್ನೆ. ಅದನ್ನು ಬಿಟ್ಟು ಕಾಯಿಲೆಯ ಕಣ್ಣೀರನ್ನು ಎತ್ತಿಟ್ಟುಕೊಳ್ಳಬೇಡ.

ನೀನು ಬಂದು ಹೇಳುತ್ತೀ ಎಂದು ಕಾದರು. ಇನ್ನು ಬಂದು ಹೇಳಿದರೂ ಕೇಳಿಸಿಕೊಳ್ಳುವ ಶಕ್ತಿ ಇವರಿಗಿಲ್ಲ. ಅದಕ್ಕೇ ಹೇಳಬೇಡ ಎಂದದ್ದನ್ನು ಇವತ್ತು ಹೇಳಿದ್ದೇನೆ. ಮಾಲಾ ಈಗ ಆಗಾಗ ಮಧ್ಯಾಹ್ನ ಬಂದು ಪುಸ್ತಕ ಓದಿ ಹೋಗುತ್ತಾಳೆ. ವಿಷಯವೆಲ್ಲ ತಿಳಿದ ಮೇಲೆ ಅವಳೊಮ್ಮೆ ಆಸೆಯಿಂದ ಇವರ ಮುಂದೆ ಕೂತು, "ಸರ್, ಕುರಿಗೆ ನೀರು ಕುಡಿಸಿದೋರು ಯಾರ್ರೀ?" ಎಂದು ಕೇಳಿದಳು. ಅದಕ್ಕೂ ಅತ್ತರು. ಹುಡುಗಿ ಪುಸ್ತಕ ಮುಚ್ಚಿ ಹಿತ್ತಲಿಗೆ ಹೋಗಿ ನಿಂತಳು.

ಹಗ್ಗ ಹಿಡಿದವರು ಯಾರೆಂದು ನನಗೆ ಗೊತ್ತಿಲ್ಲ. ನಿನ್ನಪ್ಪನೋ, ನೆರೆಯವರೋ. ಅಷ್ಟು ಸಿಟ್ಟಿನಲ್ಲಿ ಇಳಿದು ಹೋದೆಯಲ್ಲ, ನೀನೇ ಇರಬಹುದು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ನನಗೆ ಹೇಳಬೇಕಾಗಿಲ್ಲ. ಆಗುವುದಾದರೆ ಕವಿತೆಯಲ್ಲಿ ಬರೆ.

ಮಗಳಿಗೆ ನನ್ನ ಮುತ್ತು. ಚಳಿ ಶುರುವಾಗಿದೆ, ಅವಳ ಕೆಮ್ಮು ನೋಡಿಕೋ. ನಿನ್ನ ಮನೆ ತುಂಬಿರಲಿ, ಕೈಗೆ ಬರೆಯುವ ಶಕ್ತಿ ಇರಲಿ.

ನಿನ್ನ ಅಮ್ಮಾರು,
ಬಸಲಿಂಗಮ್ಮ

ತಾ.ಕ.: ನಿನ್ನ ಕವಿತೆಯ ವಿಷಯದಲ್ಲಿ ಇಷ್ಟು ಖಚಿತವಾಗಿ ಬರೆದುಬಿಟ್ಟೆ. ದಿನಾ ಬೆಳಿಗ್ಗೆ ಬಾಗಿಲ ಪರದೆ ಸರಿಸಿ ಒಳಗೆ ಹೋದ ಕೂಡಲೇ ಇವರು ನನ್ನ ಮುಖ ನೋಡಿ ಅಳುತ್ತಾರೆ. ಕೈ ಹಿಡಿದುಕೊಂಡು ಅಳುತ್ತಾರೆ. ಹಾಲು ಹಾಕುವ ಮೈಲಾರೇಶ ಬಂದು ನಿಂತರೂ ಹಾಗೆಯೇ, ಅವನ ಕೈ ಹಿಡಿದುಕೊಂಡು. ಡಾಕ್ಟರನ್ನು ಏನೇನೆಲ್ಲ ಕೇಳಿದ್ದೇನೆ. ನನ್ನ ಗುರುತು ಇವರಿಗೆ ಉಳಿದಿದೆಯೇ ಎಂದು ಮಾತ್ರ ಕೇಳಿಲ್ಲ. ಕೇಳುವುದೂ ಇಲ್ಲ.