ಸೌಟು ವಾಪಸ್

ಅಮ್ಮಾ,

ಈ ಕಾಗದ ತಂದುಕೊಟ್ಟ ಮೆಕ್ಯಾನಿಕ್ ಏದುಸಿರು ಬಿಡುತ್ತಿಲ್ಲ, ಗಮನಿಸಿದೆಯಾ? ನಿನ್ನ ನಾಲ್ಕನೇ ಮಹಡಿಗೆ ಅವರು ಲಿಫ್ಟಿನಲ್ಲೇ ಬಂದಿದ್ದಾರೆ.

ನಮ್ಮ ಆಫೀಸಿನಲ್ಲಿ ಲಿಫ್ಟುಗಳಿಗೆ ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರ್ ಓಡಬೇಕಾದರೆ ಕಂಪ್ಯೂಟರಿಗೆ ಚುಚ್ಚಲೇಬೇಕಿದ್ದ ಆ ಬೆರಳುದ್ದದ ಲೈಸೆನ್ಸ್ ಕೀಲಿ ನಿನಗೆ ನೆನಪಿದೆಯಲ್ಲ? ಆಫೀಸಿಗೆಲ್ಲ ಅದೊಂದೇ. ದಿನಾ ಯಾರದೋ ಜೇಬಿನಲ್ಲಿ ಮನೆಗೆ ಹೋಗಿಬಿಡುತ್ತಿತ್ತು. "ಒಂದು ಸೌಟಿಗೆ ಕಟ್ಟಿಡೇ, ಸೌಟನ್ನ ಯಾರು ಜೇಬಿಗೆ ಹಾಕ್ಕೋತಾರೆ?" ಎಂದು ನೀನೇ ನಿನ್ನ ದೊಡ್ಡ ಸೌಟನ್ನು ಕೊಟ್ಟೆ. ಆಮೇಲೆ ಕೀಲಿ ಕಳೆಯಲೇ ಇಲ್ಲ. "ಸೌಟು ಯಾರತ್ರ ಇದೆ?" ಎನ್ನುವುದೇ ನಮ್ಮ ಬೆಳಗಿನ ಮಂತ್ರವಾಯಿತು.

ಬೇಸಿಗೆಯಲ್ಲಿ ಆ ಕೀಲಿಯೇ ಕೆಟ್ಟಿತು. ಅಂಥದ್ದು ಈಗ ಸಿಗುವುದಿಲ್ಲವೆಂದು ಅದನ್ನು ತಯಾರಿಸಿದ ಕಂಪನಿ ಕೈತೊಳೆದುಕೊಂಡಿತು. ಕೀಲಿಯಿಲ್ಲದೆ, ಕೆಟ್ಟು ನಿಂತಿದ್ದ ನಿಮ್ಮ ಕಟ್ಟಡದ ಲಿಫ್ಟಿನ ಪ್ರೋಗ್ರಾಂ ಸರಿಪಡಿಸುವಂತಿರಲಿಲ್ಲ. ಫೋನಿನಲ್ಲಿ ನೀನು ಮೆಟ್ಟಿಲು ಹತ್ತಿ ಹತ್ತಿ ನೋಯುತ್ತಿದ್ದ ಮಂಡಿಯ ಸುದ್ದಿ ಎತ್ತಲಿಲ್ಲ, ನಾನು ಲಿಫ್ಟಿನ ಸುದ್ದಿ ಎತ್ತಲಿಲ್ಲ.

ಪ್ರೋಗ್ರಾಂ ಬರೆಯುವ ನಾವು ನಾಲ್ವರೂ ಹಟ ಹಿಡಿದು, ಕೀಲಿ ಕೇಳದ ಬೇರೆ ಸಾಫ್ಟ್‌ವೇರ್‌ನಲ್ಲಿ ಇಡೀ ಪ್ರೋಗ್ರಾಂ ಹೊಸದಾಗಿ ಬರೆದೆವು. ನಿನ್ನೆ ಪರೀಕ್ಷೆಯಲ್ಲಿ, ಮರಳಿನ ಮೂಟೆ ಹೊತ್ತ ಲಿಫ್ಟು ಪ್ರತಿ ಮಹಡಿಯಲ್ಲೂ ಕೂದಲೆಳೆಯಷ್ಟೂ ತಪ್ಪದೆ ನಿಂತಿತು. "ಆಗಲ್ಲ, ಬಿಟ್ಬಿಡಿ" ಎನ್ನುತ್ತಿದ್ದ ಮ್ಯಾನೇಜರ್ ಈಗ "ನಾನು ಹೇಳಿರ್ಲಿಲ್ವಾ?" ಎನ್ನುತ್ತಿದ್ದಾರೆ. ಅನ್ನಲಿ ಬಿಡು.

ಸೌಟು ವಾಪಸ್ ಕಳಿಸಿದ್ದೇನೆ, ಚೆನ್ನಾಗಿ ತೊಳೆದುಕೋ. ಕೀಲಿ ಕಟ್ಟಲು ಹಿಡಿಯಲ್ಲಿ ನಾವು ಕೊರೆದ ತೂತು ಹಾಗೇ ಇರಲಿ, ಮೊಳೆಗೆ ಸಿಗಿಸಲು ಬರುತ್ತದೆ. ಇನ್ನೊಂದು ಕೆಲಸ ಮಾಡು. ಈಗಲೇ ಚಪ್ಪಲಿ ಮೆಟ್ಟಿಕೊಂಡು ಕೆಳಗೆ ಹೋಗಿ, ಏನೂ ತರದೆ, ಸುಮ್ಮನೆ ಮೇಲೆ ಬಾ.

ಇಂತಿ,
ಎದೆಯುಬ್ಬಿಸಿಕೊಂಡು ಕೂತಿರುವ
ನಿನ್ನ ಮಗಳು