ಅಣ್ಣ ಕೊಟ್ಟ ಎಂಜಲು

ಮಾರ್ಚ್ 3
ಆರು ಶರ್ಟಿಗೆ ಕಾಲರ್ ಆಯಿತು. ಗುಂಡಿ ಬಾಕಿ. ಹೆಂಡತಿ ತೀರಿಹೋಗಿ ಇವತ್ತಿಗೆ ನಲವತ್ತೆರಡು ದಿನ. ಗುಂಡಿ ಹಚ್ಚುತ್ತಿದ್ದವಳು ಅವಳೇ.
ಮಧ್ಯಾಹ್ನ ಅಣ್ಣನ ಮಗಳು ಬಂದಳು. ನಮ್ಮ ಮನೆತನದ ಮೂಲ ಹುಡುಕುತ್ತಿದ್ದಾಳಂತೆ. ಡಿಎನ್‌ಎ ಟೆಸ್ಟಿಗೆ ಎಲ್ಲರೂ ಒಂದೊಂದು ನಳಿಗೆಯಲ್ಲಿ ಉಗುಳಿ ಕೊಡಬೇಕಂತೆ. ಬಸ್ ಡ್ಯೂಟಿ ಮುಗಿಸಿ ಬಂದ ಮಗ ನಗುನಗುತ್ತಾ ಕೊಟ್ಟೇಬಿಟ್ಟ. ತಡೆಯಲು ನನಗೆ ಬಾಯಿ ಬರಲಿಲ್ಲ.
ಸೂಜಿಗೆ ದಾರ ಪೋಣಿಸಲು ದಿನಕ್ಕೆ ನೂರು ಸಲ ಎಂಜಲು ಹಚ್ಚುವವನು. ನನ್ನ ಸರದಿ ಬಂದಾಗ ಬಾಯಿ ಒಣಗಿತ್ತು. ನಾಳೆ ಕೊಡುತ್ತೇನೆಂದೆ.

ಮಾರ್ಚ್ 4, ಬೆಳಗ್ಗೆ
ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು ಎಂದು ಡಬ್ಬಿಯ ಮೇಲಿದೆ. ಬೇಕೆಂದೇ ಬಿಸಿ ಚಹಾ ಕುಡಿದು, ಅದರ ಬೆನ್ನಿಗೇ ಉಗುಳಿ ಮುಚ್ಚಿದೆ. ಕೆಟ್ಟುಹೋಗಲಿ.
ಮದುವೆಗೆ ಮೊದಲು ಹೆಂಡತಿ ನನ್ನ ಗಿರಾಕಿ. ಒಂದೇ ಬಟ್ಟೆಯ ನಡು ಸಡಿಲಿಸಲು ಮೂರು ಸಲ ಬಂದಳು. ಮೂರನೇ ಸಲ, ಟೇಪ್ ಹಿಡಿದವನಿಗೆ ಅರ್ಥವಾಯಿತು. ಮಾತು ಕೊಟ್ಟವನು ಕೈಕೊಟ್ಟು ಹೋಗಿದ್ದ. ಮದುವೆಯಾಗೋಣವೇ ಎಂದು ನಾನೇ ಕೇಳಿದೆ. ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ತಿಳಿಯದು. ಮಗನಿಗೂ. ಗೊತ್ತಾದರೆ... ನನಗೆ ಇನ್ಯಾರಿದ್ದಾರೆ?

ಏಪ್ರಿಲ್ 9
ನನ್ನದು ಫೇಲ್ ಅಂತೆ. ಒಳಗೊಳಗೇ ಹಗುರಾದೆ. ಇನ್ನೊಂದು ಸಲ ಕೊಡುವುದು ನನ್ನಿಂದಾಗದು ಎಂದೆ. ಅಣ್ಣನ ಮಗಳು ನಕ್ಕಳು.
"ಬಿಡಿ ಚಿಕ್ಕಪ್ಪ, ನಮ್ಮಪ್ಪ ಕೊಟ್ಟಿದ್ದಾರಲ್ಲ. ಅವರಿಗೂ ನಿಮ್ಮ ಮಗನಿಗೂ ಎಷ್ಟು ಹೊಂದುತ್ತೆ ಅಂತ ಅದರಲ್ಲೇ ಗೊತ್ತಾಗುತ್ತೆ."
ಕತ್ತರಿ ಕೈಯಿಂದ ಜಾರಿತು. ಅಣ್ಣನ ವಿಷಯ ಹೊಳೆದೇ ಇರಲಿಲ್ಲ. ಎಂಥ ದಡ್ಡ ನಾನು.

ಏಪ್ರಿಲ್ 27
ಎರಡು ದಿನದಿಂದ ಮಗ ಸರಿಯಾಗಿ ಮಾತಾಡಿಲ್ಲ. ತಟ್ಟೆಯ ಮುಂದೆ ಕೂತು ನನ್ನ ಮುಖವನ್ನೇ ನೋಡುತ್ತಾನೆ. ನಾನು ನೋಡಿದರೆ ತಲೆ ತಗ್ಗಿಸುತ್ತಾನೆ. ಬಾಗಿಲ ಬಳಿ ಅವನ ಬ್ಯಾಗ್. ಡ್ಯೂಟಿಗೋ, ಮನೆ ಬಿಟ್ಟು ಹೋಗುವುದಕ್ಕೋ — ಕೇಳಲು ಧೈರ್ಯವಿಲ್ಲ.

ಏಪ್ರಿಲ್ 28, ಸಂಜೆ 5
ತಡೆಯಲಾಗದೆ ಅಣ್ಣನ ಮಗಳಿಗೆ ಫೋನ್ ಮಾಡಿದೆ. ರಿಪೋರ್ಟ್ ಬಂತಾ ಎಂದರೆ ಮಾತು ತೇಲಿಸಿದಳು. ನನಗೆ ಎಲ್ಲ ಗೊತ್ತಿದೆ ಕಣಮ್ಮ, ಅವನು ಹುಟ್ಟುವ ಮುಂಚಿನಿಂದಲೂ ಎಂದೆ. ಅತ್ತುಬಿಟ್ಟಳು.
"ಹೇಳಲ್ಲ ಅಂತ ಅವನು ನನ್ನ ಹತ್ತಿರ ಮಾತು ತಗೊಂಡಿದ್ದಾನೆ ಚಿಕ್ಕಪ್ಪ. ಅಮ್ಮ ಹೋದ ಮೇಲೆ ಇದೂ ತಿಳಿದರೆ ಅಪ್ಪ ನನ್ನನ್ನ ಮಗ ಅಂತಾರೋ ಇಲ್ವೋ ಅಂದ."
ಅವನಿಗೂ ಅದೇ ಭಯ. ಒಂದೇ ಮನೆಯಲ್ಲಿ, ಒಂದೇ ಭಯ ಇಬ್ಬರಿಗೂ.
ಗೇಟ್ ಸದ್ದಾಯಿತು. ಬಂದ. ಬಾಯಿ ಮತ್ತೆ ಒಣಗಿದೆ. ಆದರೂ ಹೇಳುತ್ತೇನೆ — ಮಗಾ, ನೀನು ಹುಟ್ಟುವ ಮೊದಲೇ ನಿನ್ನ ಅಳತೆ ತೆಗೆದವನು ನಾನು.